ಗೂಗಲ್ ಅಂದರೆ ಯಾವ ಗೂಗಲ್?

ಮಾನ್ವಿಯಲ್ಲಿ ಮನುಷ್ಯನಿಗೆ ಅವನ ಹೆಸರಿಗಿಂತ ಮೊದಲು ಅವನ ಊರು ಅಂಟಿಕೊಳ್ಳುತ್ತದೆ. ಗಿಲ್ಲೆಸುಗೂರಿನಿಂದ ಬಂದ ಮಲ್ಲೇಶ ಸಾಯುವತನಕ ಗಿಲ್ಲೆಸುಗೂರು ಮಲ್ಲೇಶನೇ. ಮಾನ್ವಿಯ ಸರಕಾರಿ ದವಾಖಾನೆಯಲ್ಲೇ ಹುಟ್ಟಿದ ಅವನ ಮಗನೂ ಗಿಲ್ಲೆಸುಗೂರಿನವನೇ. ಆಧಾರ್ ಕಾರ್ಡಿನಲ್ಲಿ ಏನಾದರೂ ಇರಲಿ, ಕರೆಯುವವರು ಕರೆಯುವುದು ಹೀಗೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಂಟರ್ನೆಟ್ ಕಚೇರಿ ಇಟ್ಟುಕೊಂಡಿರುವ ಮುಸರ್ರತ್ ಕೂಡ ತನ್ನ ಗಿರಾಕಿಗಳನ್ನು ಊರಿನ ಹೆಸರಿನಿಂದಲೇ ನೆನಪಿಟ್ಟುಕೊಂಡವಳು. ಅದರಿಂದ ಅವಳಿಗೆ ಅನುಕೂಲವೇ ಆಗಿತ್ತು, ಒಂದು ಸಲ ಬಿಟ್ಟು.

ಮುಸರ್ರತ್ ರಾಯಚೂರಿನವಳು, ಒಣಮೆಣಸಿನಕಾಯಿ ವ್ಯಾಪಾರಿಯ ಮಗಳು. ಪಿಯುಸಿ ಮುಗಿಸಿ ಸಲಾವುದ್ದೀನನ ಹೆಂಡತಿಯಾಗಿ ಮಾನ್ವಿಗೆ ಬಂದಾಗ ಅವನು ಊರಿಗೆಲ್ಲ ‘ಡಿಶ್‌ನವ’. ಮನೆಮನೆಗೆ ಕೇಬಲ್ ಎಳೆಯುತ್ತಿದ್ದ. ಕಂಬ ಹತ್ತುವುದರಲ್ಲಿ ಕೋತಿಯನ್ನೂ ಮೀರಿಸುತ್ತಿದ್ದ ಗಂಡ ಜನರ ಜೊತೆ ಮಾತಾಡುವುದರಲ್ಲಿ ಮಾತ್ರ ಮಹಾ ಮೊಂಡ. ಟಿವಿ ಬರುತ್ತಿಲ್ಲ ಎಂದು ಯಾರಾದರೂ ದೂರಿದರೆ, ‘ಬರದಿದ್ರ ನೋಡಬ್ಯಾಡ್ರಿ’ ಎಂದು ಬಿಡುತ್ತಿದ್ದ. ಹೀಗೇ ಬಿಟ್ಟರೆ ಗಂಡನ ಬಾಯಿಯೇ ಮನೆಯ ಒಲೆ ಆರಿಸುತ್ತದೆ ಎಂದು ತಿಳಿದು ಮುಸರ್ರತ್ ಕಚೇರಿಯ ಕುರ್ಚಿಯನ್ನು ತಾನು ಹಿಡಿದಳು. ಅಂದಿನಿಂದ ಕಂಬ ಅವನದು, ಕುರ್ಚಿ ಅವಳದು. ಡಿಶ್ ಕಾಲ ಹೋಗಿ ಇಂಟರ್ನೆಟ್ ಕಾಲ ಬಂದಾಗ ರಾಯಚೂರಿನ ದೊಡ್ಡದೊಂದು ಕಂಪನಿಯಿಂದ ಲೈನು ತಂದು ಅಕ್ಕಿ ಗಿರಣಿಗಳಿಗೆ, ಅಂಗಡಿಗಳಿಗೆ, ಮನೆಗಳಿಗೆ ಹಂಚತೊಡಗಿದಳು.

ಪೊಲೀಸರ ಫೋನು ಅವಳಿಗೆ ಹೊಸದಲ್ಲ. ಆ ಮನೆಯ ಕನೆಕ್ಷನ್ ಯಾರ ಹೆಸರಿನಲ್ಲಿದೆ, ಈ ಅಂಗಡಿಯವನ ಮೊಬೈಲ್ ನಂಬರ್ ಏನು ಎಂದು ಆಗಾಗ ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ಠಾಣೆಯವರು ಕೇಳಿದರೆ ಇಲ್ಲ ಎನ್ನಬಾರದು ಎಂಬುದು ಅತ್ತೆ ಕಲಿಸಿದ ಪಾಠ. ನೀರಲ್ಲಿದ್ದು ಮೊಸಳೆಯ ಕೂಡ ಜಗಳ ಯಾರಿಗೆ ಬೇಕು? ಮೇಲಾಗಿ, ಕೇಳುವುದು ಅವರ ಕೆಲಸ, ಗೊತ್ತಿದ್ದದ್ದು ಹೇಳುವುದು ನಮ್ಮ ಧರ್ಮ ಎಂದೇ ಅವಳು ನಂಬಿದ್ದಳು. ಹೀಗೆ ಬಾಯಿಮಾತಿನಲ್ಲಿ ಹೋದ ಹೆಸರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಅವತ್ತು ಭತ್ತ ಕೊಯ್ಯುವ ಮಷೀನೊಂದು ಊರಹೊರಗೆ ವೈರು ಹರಿದುಕೊಂಡು ಹೋಗಿತ್ತು. ಅರ್ಧ ಊರಿಗೆ ಇಂಟರ್ನೆಟ್ ಇಲ್ಲ. ಬೈಯುವವರ ಫೋನಿನ ನಡುವೆ ರಾಯಚೂರಿನ ಸೈಬರ್ ಠಾಣೆಯ ಹೆಡ್ ಕಾನ್‌ಸ್ಟೇಬಲ್ ವಲಿ ಪಾಷಾನ ಫೋನು ಬಂತು.

“ಮೇಡಂ, ಒಂದು ಕನೆಕ್ಷನ್ ಯಾರದಂತ ಬೇಕಾಗಿತ್ರಿ. ಗೂಗಲ್ನಿಂದ ಬಂದದ.”

“ಎಲ್ಲಿಂದ ಅಂದ್ರಿ?”

“ಗೂಗಲ್ ರೀ, ಗೂಗಲ್. ನಂಬರ್ ಹೇಳ್ತೀನಿ, ಬರಕೊಳ್ರಿ…”

“ನಂಬರ್ ಯಾಕ ಬಿಡ್ರಿ. ಗೂಗಲ್ನವರದು ನಮ್ಮಲ್ಲಿ ಒಂದೇ ಅದ. ಜಂಬಣ್ಣಂದು. ಅಕ್ಕಿ ಗಿರಣ್ಯಾಗ ತೂಕ ಮಾಡ್ತಾನ, ಮನಿ ಅಲ್ಲೇ ಗಿರಣಿ ಹಿಂದ.”

“ಅಷ್ಟ ಸಾಕ್ರಿ,” ಎಂದು ವಲಿ ಪಾಷಾ ಫೋನ್ ಇಟ್ಟ.

ವಲಿ ಪಾಷಾ ಹೇಳಿದ್ದು ಲೋಕಕ್ಕೆಲ್ಲ ಗೊತ್ತಿರುವ ಕಂಪನಿಯ ಹೆಸರು. ಮುಸರ್ರತ್‌ಳ ಕಿವಿಗೆ ಬಿದ್ದದ್ದು ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಅಲ್ಲಮಪ್ರಭುವಿನ ಗುಡಿ ಇರುವ ಊರು. ಕಂಪ್ಯೂಟರು ಹುಟ್ಟುವ ಎಷ್ಟೋ ಕಾಲ ಮೊದಲೇ ಆ ಊರಿಗೆ ಆ ಹೆಸರಿತ್ತು. ಬೆಂಗಳೂರಿನವರು ಈ ತಪ್ಪು ಮಾಡೋಣವೆಂದರೂ ಮಾಡಲಾರರು, ಅದಕ್ಕೆ ನಮ್ಮ ಜಿಲ್ಲೆಯವರೇ ಆಗಬೇಕು.

ವಾರ ಕಳೆಯುವುದರೊಳಗೆ ಜಂಬಣ್ಣ ಕಚೇರಿಗೆ ಬಂದ. ಯಾವಾಗಲೂ ಬಾಗಿಲಲ್ಲೇ ‘ಏನ್ ತಂಗೀ, ಚಹಾ ಆತೇನು’ ಎಂದು ಗದ್ದಲ ಮಾಡುತ್ತ ಬರುವ ಮನುಷ್ಯ. ಗೂಗಲ್ ಬಿಟ್ಟು ಮಾನ್ವಿಗೆ ಬಂದ ಹೊಸತರಲ್ಲಿ ಅವನಿಗೆ ಬಾಡಿಗೆ ಮನೆ ಹುಡುಕಿಕೊಟ್ಟವನು ಸಲಾವುದ್ದೀನ್. ಅಂದಿನಿಂದ ಮುಸರ್ರತ್ ಅವನಿಗೆ ತಂಗಿ, ಅವನ ಮಗಳು ಸ್ವಪ್ನಾಳಿಗೆ ಸೋದರತ್ತೆ. ಅವತ್ತು ಅವನು ಗದ್ದಲ ಮಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ.

“ತಂಗೀ, ನಮ್ಮ ಇಂಟರ್ನೆಟ್‌ನ್ಯಾಗ ಏನರ ತಪ್ಪು ಆಗ್ಯಾದೇನವ್ವಾ? ಠಾಣೆಕ್ಕ ಕರಿಸಿದ್ರು. ದೇವದುರ್ಗದಾಗ ಯಾರೋ ಅಂಬಮ್ಮ ಅಂತ ಟೀಚರಮ್ಮ ಅದಾಳಂತ. ಆಕಿ ಹೆಸರ್ಲೆ ಸುಳ್ಳು ಖಾತಿ ಮಾಡಿ ಹೊಲಸು ಹೊಲಸು ಬರದಾರಂತ. ಅದು ನಮ್ಮ ಮನ್ಯಾಗಿಂದ ಆಗ್ಯಾದ ಅಂತಾರ. ಮನ್ಯಾಗ ಮೊಬೈಲ್ ಯಾರ್ಯಾರು ಹಿಡೀತೀರಿ ಅಂತ ಕೇಳಿದ್ರು. ನಾನು, ನನ್ನ ಮಗಳು ಅಂದೆ. ಮಗಳ ಹೆಸರೂ ಬರಕೊಂಡ್ರು.”

ಸ್ವಪ್ನಾ ಅದೇ ಇಂಟರ್ನೆಟ್‌ನಲ್ಲಿ ಪಾಠ ಕೇಳಿ, ಓದಿ, ಓಡಿ, ಉದ್ದ ಜಿಗಿದು ಪೊಲೀಸ್ ಕಾನ್‌ಸ್ಟೇಬಲ್ ಪಟ್ಟಿಯಲ್ಲಿ ಹೆಸರು ತಂದಿದ್ದಳು. ಉಳಿದದ್ದು ನಡತೆಯ ಪರಿಶೀಲನೆ ಒಂದೇ. ಕಾಯಂ ವಿಳಾಸ ಗೂಗಲ್ ಆದ್ದರಿಂದ ಅವಳ ಕಾಗದಪತ್ರ ದೇವದುರ್ಗಕ್ಕೆ ಹೋಗಿದ್ದವು. ಇಂಥ ಹೊತ್ತಿನಲ್ಲಿ ಒಂದು ಕೇಸಿನಲ್ಲಿ ಹೆಸರು ಬಂದರೆ ಮುಗಿಯಿತು, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಮುಸರ್ರತ್‌ಳಿಗೆ ಆ ಫೋನು ನೆನಪಾಯಿತು. ‘ಗೂಗಲ್ ರೀ, ಗೂಗಲ್.’ ಅವರು ಹೇಳಿದ್ದು ಊರಲ್ಲ, ಕಂಪನಿ ಎಂದು ಈಗ ಹೊಳೆಯಿತು. ಸುಮ್ಮನಿದ್ದುಬಿಡಬಹುದಿತ್ತು. ಜಂಬಣ್ಣನಿಗೆ ಏನು ಗೊತ್ತು? ಆದರೆ ಎದುರಿಗೆ ಕೂತ ಅಣ್ಣನ ಮುಖ ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ.

“ಅಣ್ಣಾ, ಅವರಿಗೆ ನಿಮ್ಮ ಹೆಸರು ಹೇಳಿದಾಕಿ ನಾನ. ಅವರು ಕಂಪನಿ ಹೆಸರು ಹೇಳ್ಯಾರ, ನಾ ನಿಮ್ಮ ಊರು ಅನ್ಕೊಂಡೆ.”

ಜಂಬಣ್ಣ ಸಿಟ್ಟಿಗೇಳಲಿಲ್ಲ. “ಕೇಳಿದ್ರಂತ ಹೇಳಿಬಿಟ್ಟೇನವ್ವಾ?” ಎಂದಷ್ಟೇ ಕೇಳಿ, ಬಂದ ಚಹಾ ಮುಟ್ಟದೆ ಎದ್ದು ಹೋದ. ಮರುದಿನ ಗಿರಣಿಯ ಹಮಾಲನೊಬ್ಬನ ಕೈಯಲ್ಲಿ ಇಂಟರ್ನೆಟ್ ಪೆಟ್ಟಿಗೆಯನ್ನು ವಾಪಸು ಕಳಿಸಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮುಸರ್ರತ್ ಅತ್ತಳು.

ಮನೆಯಲ್ಲಿ ಗಂಡ ದಖ್ಖನಿಯಲ್ಲಿ ಗದರಿಸಿದ. ತಪ್ಪು ಹೇಳಿದೆ ಎಂದು ನೀನಾಗಿ ಹೋಗಿ ಹೇಳಿದರೆ ನಿನ್ನನ್ನೇ ಹಿಡಿದು ಕೂಡಿಸುತ್ತಾರೆ, ಕಂಪನಿಯವರು ಲೈನು ಕಿತ್ತುಕೊಳ್ಳುತ್ತಾರೆ, ಸುಮ್ಮನಿರು ಎಂದ. ಮುಸರ್ರತ್ ಒಂದೇ ಮಾತು ಕೇಳಿದಳು: “ಆ ಹುಡುಗಿ ನಮ್ಮ ತಹಸೀನ್ ಆಗಿದ್ದರೆ?” ತಹಸೀನ್ ಅವರ ಮಗಳು. ಬೆಳಿಗ್ಗೆ ಸಲಾವುದ್ದೀನ್ ತಾನೇ ಅವಳನ್ನು ರಾಯಚೂರು ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕದ ಸೀಟಿಗೆ ಟವಲ್ ಹಾಕಿ ಹಿಡಿದುಕೊಟ್ಟ.

ಮೊದಲು ಅವಳು ಹೋದದ್ದು ತನಗೆ ಲೈನು ಕೊಡುವ ಕಂಪನಿಯ ಕಚೇರಿಗೆ. ಅಲ್ಲಿ ಇಂಥ ವ್ಯವಹಾರ ನೋಡಿಕೊಳ್ಳುವ ಮುಷರ್ರಫ್ ಎಲ್ಲ ಕೇಳಿ ತಲೆ ಚಚ್ಚಿಕೊಂಡ.

“ಆಪಾ, ಪೊಲೀಸರಿಗೆ ಗೂಗಲ್ ಕಂಪನಿ ಕೊಡೋದು ಬರೇ ಒಂದು ನಂಬರ್. ಆ ನಂಬರ್ ಬಾಡಿಗಿ ಸೈಕಲ್ ಇದ್ದಂಗ. ಇವತ್ತು ಒಬ್ಬರ ಮನ್ಯಾಗ, ನಾಳೆ ಇನ್ನೊಬ್ಬರ ಮನ್ಯಾಗ. ಯಾವ ದಿನ, ಯಾವ ಹೊತ್ತು ಅಂತ ಗೊತ್ತಿಲ್ಲದ ಯಾರದಂತ ಹೇಳಾಕ ಬರಲ್ಲ. ಅದಕ್ಕ ನಾವು ಬಾಯಿಮಾತಿಗೆ ಏನೂ ಕೊಡಂಗಿಲ್ಲ. ಠಾಣೆಯಿಂದ ಬರಹದಾಗ ಬರಬೇಕು. ಕೇಸ್ ನಂಬರ್ ಇರಬೇಕು, ಸಾಹೇಬರ ಸಹಿ ಇರಬೇಕು. ಅವರು ಎಷ್ಟು ಕೇಳ್ಯಾರ, ಅಷ್ಟ ಕೊಡಬೇಕು. ನಿಮಗ ಯಾರೂ ಹೇಳಿಲ್ಲೇನು?”

ಹೇಳಿದ್ದರು. ಲೈನು ಕೊಡುವಾಗ ಸಹಿ ಮಾಡಿಸಿಕೊಂಡ ಹಾಳೆಗಳಲ್ಲಿ ಅದೂ ಇತ್ತು. ಆದರೆ ಸಹಿ ಮಾಡುವ ಹಾಳೆ ಓದಿದವರು ಯಾರಿದ್ದಾರೆ?

ಅಲ್ಲಿಂದ ನೇರ ಠಾಣೆಗೆ ಹೋದಳು. ಸಬ್‌ಇನ್‌ಸ್ಪೆಕ್ಟರ್ ದಾವಣಗೆರೆ ಕಡೆಯವರು, ಈ ಜಿಲ್ಲೆಗೆ ಹೊಸಬರು.

“ಏನಮ್ಮಾ, ಹೆಸರು ಹೇಳಿದ್ದೂ ನೀವೇ, ಅಲ್ಲ ಅನ್ನೋದೂ ನೀವೇ. ಹುಡುಗಾಟ ಆಡ್ತಿದೀರಾ?”

“ಇಲ್ರಿ ಸರ್. ನಿಮ್ಮವರು ಗೂಗಲ್ ಅಂದ್ರು. ನಾ ಗೂಗಲ್ ಅನ್ಕೊಂಡೆ.”

“ಗೂಗಲ್ ಅಂದ್ರೆ ಗೂಗಲ್ಲೇ ಅಲ್ವೇನ್ರೀ?”

ಬಾಗಿಲಲ್ಲಿ ನಿಂತಿದ್ದ ವಲಿ ಪಾಷಾ ಹಣೆ ಬಡಿದುಕೊಂಡ. “ಅಯ್ಯ ಸರ್! ಗೂಗಲ್ ಅಂತ ಊರು ಅದ್ರಿ, ದೇವದುರ್ಗದಾಗ! ನನ್ನ ತೆಲಿಗೂ ಹೊಳೀಲಿಲ್ಲ ನೋಡ್ರಿ.”

ಠಾಣೆಗೆ ಠಾಣೆಯೇ ನಕ್ಕಿತು. ಮುಸರ್ರತ್ ನಗಲಿಲ್ಲ.

“ನಗಬ್ಯಾಡ್ರಿ ಸರ್. ಆ ಮನುಷ್ಯ ಅನ್ನ ಬಿಟ್ಟಾನ. ಆತನ ಮಗಳು ನಿಮ್ಮ ಇಲಾಖೆಗೇ ಆಯ್ಕಿ ಆದಾಕಿ. ದೇವದುರ್ಗಕ್ಕ ಪರಿಶೀಲನಿಗೆ ಹೋಗ್ಯಾದ. ನನ್ನ ಬಾಯಿಂದ ಆಕಿ ನೌಕರಿ ಹೋಗಬಾರದು. ನೀವು ಬರಹದಾಗ ಕೇಳ್ರಿ, ದಿನ, ಹೊತ್ತು, ಕೇಸ್ ನಂಬರ್ ಹಾಕಿ ಕೇಳ್ರಿ. ನಾನೂ ಬರಹದಾಗ ಉತ್ತರ ಕೊಡ್ತೀನಿ, ಕೆಳಗ ನನ್ನ ಸಹಿ ಇರ್ತದ. ಅದು ತಪ್ಪಾದ್ರ ನನ್ನ ಹಿಡೀರಿ.”

ಸಬ್‌ಇನ್‌ಸ್ಪೆಕ್ಟರ್ ನಗು ನಿಲ್ಲಿಸಿದರು. ಒಳ್ಳೆಯ ಮನುಷ್ಯರು, ಅವಸರದ ಮನುಷ್ಯರು ಕೂಡ. ಅವತ್ತೇ ಪತ್ರ ಬರೆಸಿದರು. ಮುಷರ್ರಫ್ ತನ್ನ ಕಂಪ್ಯೂಟರಿನಲ್ಲಿ ಆ ದಿನದ ಆ ಹೊತ್ತನ್ನು ಹುಡುಕಿ ತೆಗೆದ. ಆಗ ಆ ನಂಬರು ಇದ್ದದ್ದು ಮಾನ್ವಿಯ ಒಂದು ಕಂಪ್ಯೂಟರ್ ಟೈಪಿಂಗ್ ಅಂಗಡಿಯಲ್ಲಿ. ಜಂಬಣ್ಣನ ಮನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮುಸರ್ರತ್ ಅಷ್ಟನ್ನು ಬರೆದು ಸಹಿ ಮಾಡಿ ಕೊಟ್ಟಳು. ಆ ಅಂಗಡಿಗೆ ಯಾರು ಬರುತ್ತಾರೆ, ಹೋಗುತ್ತಾರೆ ಎಂದು ಅವಳಿಗೆ ಓಣಿಯ ಸುದ್ದಿಯೆಲ್ಲ ಗೊತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವಳು ಹೇಳಲೂ ಇಲ್ಲ. ಅಂಗಡಿಗೆ ಬಂದು ಆ ಕೆಲಸ ಮಾಡಿದವನನ್ನು ಪೊಲೀಸರು ತಾವೇ ಹುಡುಕಿದರು. ಅಂಬಮ್ಮ ಟೀಚರ್ ಮತ್ತೆ ತಲೆ ಎತ್ತಿ ಶಾಲೆಗೆ ಹೋದಳು. ಜಂಬಣ್ಣನಿಗೂ ಅವನ ಮಗಳಿಗೂ ಈ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ಸಬ್‌ಇನ್‌ಸ್ಪೆಕ್ಟರ್ ದೇವದುರ್ಗಕ್ಕೂ ಬರೆದರು.

ಅಂದಿನಿಂದ ಮುಸರ್ರತ್ ಬದಲಾದಳು. ಫೋನಿನಲ್ಲಿ ಕೇಳಿದವರಿಗೆ, “ಚಹಾ ಕುಡಿಯಾಕ ಯಾವಾಗರ ಬರ್ರಿ ಸರ್, ಹೆಸರು ಬೇಕಾದ್ರ ಮಾತ್ರ ಪತ್ರ ಕಳಿಸ್ರಿ,” ಎನ್ನುವಳು. ಕೆಲವರು ಮುಖ ಊದಿಸಿದರು. ಕೆಲವರ ಪತ್ರ ಬರಲೇ ಇಲ್ಲ. ಕೇಳಿದ್ದು ಕೇಸಿಗಲ್ಲ, ಯಾರದೋ ಮನೆಯ ಜಗಳಕ್ಕೆ ಎಂದು ಆಗ ಅವಳಿಗೆ ತಿಳಿಯುತ್ತಿತ್ತು. ಪತ್ರ ಬಂದರೆ ಊಟ ಅರ್ಧಕ್ಕೆ ಬಿಟ್ಟು ಎದ್ದು ಕಂಪನಿಗೆ ಫೋನ್ ಮಾಡಿ ಉತ್ತರ ಕೊಡಿಸುತ್ತಿದ್ದಳು.

ಜಂಬಣ್ಣ ಮಾತ್ರ ಬರಲಿಲ್ಲ. ಸಂತೆಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಸ್ವಪ್ನಾಳ ಆದೇಶ ಬಂತು ಎಂಬ ಸುದ್ದಿ ಓಣಿಯವರಿಂದ ತಿಳಿಯಿತು. ಮುಸರ್ರತ್ ಖುಷಿಪಟ್ಟಳು, ತನ್ನನ್ನು ಕರೆದು ಹೇಳಲಿಲ್ಲವಲ್ಲ ಎಂದು ಸಂಕಟವನ್ನೂ ಪಟ್ಟಳು. ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಜಂಬಣ್ಣ, ಕೈಯಲ್ಲಿ ಪೇಡೆಯ ಡಬ್ಬಿ.

“ತಂಗೀ, ವೈರ್ ಮತ್ತ ಎಳಸವ್ವಾ. ಮಗಳು ತರಬೇತಿಗೆ ಹೋಗಾಕತ್ತಾಳ. ದಿನಾ ಆಕಿ ಮುಖ ನೋಡಿ ಮಾತಾಡಬೇಕು ನಾ.”

“ಅಣ್ಣಾ, ನನ್ನಿಂದ…”

“ಹೇಳಿದಾಕಿನೂ ನೀನ, ಹೋಗಿ ಬಿಡಿಸಿದಾಕಿನೂ ನೀನ. ಎಲ್ಲಾ ಗೊತ್ತಾಗ್ಯಾದ ನನಗ. ಚಹಾ ತರಿಸು.”

ಹೊರಗೆ ಇಷ್ಟು ಹೊತ್ತು ಕಿವಿಗೊಟ್ಟು ನಿಂತಿದ್ದ ಸಲಾವುದ್ದೀನ್ ಚಹಾಕ್ಕೂ ಕಾಯದೆ ಏಣಿ ಹೆಗಲಿಗೇರಿಸಿ ಹೊರಟೇಬಿಟ್ಟ.

ತರಬೇತಿ ಮುಗಿದು ಸ್ವಪ್ನಾ ರಾಯಚೂರಿನ ಠಾಣೆಯೊಂದಕ್ಕೆ ಬಂದಳು. ಮಳೆಗಾಲದ ಒಂದು ದಿನ ಕಚೇರಿಯ ಫೋನ್ ರಿಂಗಾಯಿತು.

“ಅತ್ತೀ, ನಾ ಸ್ವಪ್ನಾ ಮಾತಾಡಾಕತ್ತೀನಿ, ಠಾಣೆಯಿಂದ. ಒಂದು ಕನೆಕ್ಷನ್ ಯಾರದಂತ ಬೇಕಾಗ್ಯಾದ್ರಿ.”

ಮುಸರ್ರತ್ ಎತ್ತಿ ಆಡಿಸಿದ ಕೂಸು. ಹೊಸ ನೌಕರಿ, ಮೇಲಿನವರು ಅವಸರ ಮಾಡುತ್ತಿರಬೇಕು. ಇಲ್ಲ ಎಂದರೆ ಏನೆಂದುಕೊಂಡಾಳು? ಆದರೂ ಗಟ್ಟಿ ಮನಸ್ಸು ಮಾಡಿದಳು.

“ಯವ್ವಾ, ನೀ ನನ್ನ ಮಗಳಿದ್ದಂಗ. ಖರೇ ಅಂದ್ರ, ನಾ ಫೋನ್‌ನ್ಯಾಗ…”

“ಹೇಳಬ್ಯಾಡ್ರಿ ಅತ್ತೀ!” ಆ ಕಡೆಯಿಂದ ಹುಡುಗಿ ಅರ್ಧಕ್ಕೇ ತಡೆದಳು. “ಪತ್ರ ಕಳಿಸೀನ್ರಿ, ಸಾಹೇಬ್ರ ಸಹಿ ಮಾಡಿಸೀನಿ. ಮುಟ್ಟ್ಯಾದೋ ಇಲ್ಲೋ ಅಂತ ಕೇಳಾಕ ಫೋನ್ ಮಾಡಿದೆ ಅಷ್ಟ. ನಮ್ಮಪ್ಪನಂಥೋರು ಇನ್ನೊಬ್ಬರು ಇಲ್ಲಿ ಬಂದು ಕೂಡಬಾರದ್ರಿ.”