ಗೌತಮಿ ಮೇಡಂ ಅವರ ಎಂಚಿಲಾಡ

ನಮ್ಮ ಬೀದಿಯಲ್ಲಿ ಗೌತಮಿ ಮೇಡಂಗೆ ತೋಳು ಚಾಚದವರೇ ಇರಲಿಲ್ಲ. ಬೇಲೂರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ ಅವರದು. ಎಂಥವರ ನರವೂ ಅವರಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಸಕ್ಕರೆ ಕಾಯಿಲೆಯ ನಮ್ಮಮ್ಮ, "ಗೌತಮಿ ಚುಚ್ಚಿದ್ರೆ ಇರುವೆ ಕಚ್ದಂಗೂ ಆಗಲ್ಲ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದೇ ಕೈ ಒಂದು ತಟ್ಟೆ ಊಟ ನೀಡಿದರೆ ಮಾತ್ರ ಇಡೀ ಬೀದಿಯಲ್ಲಿ ಒಬ್ಬರಿಗೂ ಹಸಿವಿರುತ್ತಿರಲಿಲ್ಲ.

ಅವರು ನಮ್ಮ ಮಾಳಿಗೆ ಮನೆಗೆ ಬಾಡಿಗೆಗೆ ಬಂದವರು, ಹಾರನಹಳ್ಳಿ ಕಡೆಯವರು. ಸಾಮಾನು ಇಳಿಸುವಾಗ ಮೊದಲು ಕೈಯಲ್ಲಿ ಹಿಡಿದು ಮೇಲೆ ಹತ್ತಿದ್ದು ಬುದ್ಧನ ಪಟವನ್ನು. ಅದನ್ನು ನೋಡಿ ಬೀದಿ ಅವರ ಜಾತಿಯನ್ನು ಲೆಕ್ಕ ಹಾಕಿ ಮುಗಿಸಿತು. ಆಮೇಲೆ ದಿನಾ ಸಂಜೆ ಯಾರಾದರೊಬ್ಬರು ಕೆಳಗಿನಿಂದ ಕೇಳುವರು: "ಏನ್ ಸಾರು ಇವತ್ತು, ಮೇಡಂ?" ಕೇಳುತ್ತಿದ್ದುದು ಸಾರನ್ನಲ್ಲ, ಮಾಂಸವನ್ನು. ಅದು ಅವರಿಗೂ ಗೊತ್ತಿತ್ತು. ಒಂದು ಮಂಗಳವಾರ ಡ್ಯೂಟಿ ಮುಗಿಸಿ ಬಂದವರು ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಎಂಚಿಲಾಡ!" ಅದು ಯಾರು ತಿನ್ನುವುದು, ಯಾರು ತಿನ್ನಬಾರದ್ದು ಎಂದು ಯಾರಿಗೂ ತಿಳಿಯದೆ ಎಲ್ಲರೂ ಸುಮ್ಮನಾದರು.

ನಾನಾಗ ಡಿಗ್ರಿ ಓದುತ್ತಿದ್ದೆ. ಕುತೂಹಲ ತಡೆಯದೆ ಮೇಲೆ ಹೋದೆ. ಬೆಳಗಿನ ಚಪಾತಿ ಉಳಿದಿತ್ತು. ಕುಕ್ಕರಿನಲ್ಲಿ ಅಲಸಂದೆ ಕಾಳು ಬೆಂದಿತ್ತು. ಬ್ಯಾಡಗಿ ಮೆಣಸಿನಕಾಯಿ, ಟೊಮೆಟೊ, ಬೆಳ್ಳುಳ್ಳಿ, ಜೀರಿಗೆ ರುಬ್ಬಿ, ಎಣ್ಣೆಗೆ ಹಾಕಿ ಕುದಿಸಿ ಗೊಜ್ಜು ಮಾಡಿದರು. ಚಪಾತಿಯಲ್ಲಿ ಕಾಳು, ಈರುಳ್ಳಿ ಇಟ್ಟು ಸುರುಳಿ ಸುತ್ತಿ, ಅಗಲ ಬಾಣಲೆಯಲ್ಲಿ ಸಾಲಾಗಿ ಜೋಡಿಸಿ, ಮೇಲೆ ಗೊಜ್ಜು ಸುರಿದು, ಚೀಸ್ ಹರಡಿ ಮುಚ್ಚಳ ಮುಚ್ಚಿದರು.

"ಓವನ್ ಇಲ್ದೆ ಆಗಲ್ಲ ಅಂತಾಳೆ ಫೋನಲ್ಲಿ ಈ ಮೆಕ್ಸಿಕೋ ಅಡಿಗೆ ತೋರ್ಸೋ ವಿಡಿಯೋದವಳು. ಯಾಕಾಗಲ್ಲ? ಸಣ್ಣ ಉರಿ, ಹತ್ತು ನಿಮಿಷ. ಎಲ್ಲಾ ಡಬ್ಬೀಲಿರೋದೇ ಕಣೇ. ನಿಮ್ಮಮ್ಮ ಸಾಮಾನು ತರೋ ಅಂಗಡೀಲೇ ನಾನೂ ತಂದಿದ್ದು. ಅಂಗಡೀಲಿ ಇರೋವರೆಗೂ ಚೆನ್ನಾಗೇ ಐತೆ. ನನ್ನ ಒಲೆ ಮೇಲೆ ಕೂತ ತಕ್ಷಣ ಏನಾಯ್ತದೆ ಇದಕ್ಕೆ, ಹೇಳು?"

ಎರಡು ಸುರುಳಿ ತಿಂದೆ. ಬಾಯಿ ಉರಿಯಿತು, ಮೂರನೆಯದನ್ನೂ ಹಾಕಿಸಿಕೊಂಡೆ.

ನಮ್ಮ ಕಡೆ ಬೇಡ ಎನ್ನುವುದರಲ್ಲೂ ಬಹಳ ನಾಜೂಕು. ಹಣ್ಣು ಕೊಟ್ಟರೆ ಅಡಿಗೆಮನೆಗೆ ಹೋಗುತ್ತದೆ, ಬೇಯಿಸಿದ್ದು ಕೊಟ್ಟರೆ ನಗುನಗುತ್ತ ಇಸಿದುಕೊಂಡು ಹಿತ್ತಿಲಿಗೆ ಒಯ್ಯುತ್ತಾರೆ. ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ತೊಳೆದು ಸಕ್ಕರೆ ಹಾಕಿ ಹಿಂತಿರುಗಿಸುತ್ತಾರೆ. ನಾನು ಪಾಸಾದ ದಿನ ಮೇಡಂ ಒಂದು ಡಬ್ಬಿ ಎಂಚಿಲಾಡ ಕಳಿಸಿದರು. ಅಮ್ಮ ಅದನ್ನು ಹಸುವಿನ ಬಾನಿಗೆ ಸುರಿದಳು. ಮಾಳಿಗೆಯ ಕಿಟಕಿ ಹಿತ್ತಿಲಿಗೇ ತೆರೆಯುತ್ತದೆ ಎನ್ನುವುದನ್ನು ಮನೆ ಕಟ್ಟಿಸಿದವಳೇ ಮರೆತಿದ್ದಳು.

ಮರುದಿನ ಮೇಡಂ, ಅಮ್ಮ ಸಕ್ಕರೆ ತುಂಬಿ ಕಳಿಸಿದ್ದ ಡಬ್ಬಿ ಹಿಡಿದು ಕೆಳಗೆ ಬಂದರು. ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು.

"ಅಕ್ಕಾ, ಹಸೂಗೆ ಖಾರ ಜಾಸ್ತಿ ಆಯ್ತಾ? ಮುಂದಿನ್ಸಲ ಮೆಣಸಿನಕಾಯಿ ಕಡಿಮೆ ಹಾಕ್ತೀನಿ. ರಕ್ತ ಕೊಡಕ್ಕೆ ನನ್ನ ಕೈ ಆಯ್ತದೆ, ತುತ್ತಿಗೆ ಆಗಲ್ವಾ?"

ಅಮ್ಮನ ಮುಖ ಇಷ್ಟಾಯಿತು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿದ್ದು ನನಗೆ. ಮುಂದಿನ ಮಂಗಳವಾರ ಡಬ್ಬಿ ಮತ್ತೆ ಬಂತು. ಅದರ ಮುಂದಿನ ಮಂಗಳವಾರವೂ ಬಂತು. ಅಮ್ಮ ಹಿತ್ತಿಲಿಗೆ ಹೋಗುವ ಧೈರ್ಯ ಮಾಡಲಿಲ್ಲ, ಬಾಯಿಗೂ ಇಡಲಿಲ್ಲ. ಪ್ರತಿ ಸಲವೂ ಅವಳ ಕಣ್ಣೆದುರೇ ಕೂತು ನಾನು ತಿಂದೆ.

ಮೇಡಂಗೆ ಅರಸೀಕೆರೆಗೆ ವರ್ಗವಾದಾಗ ಅಮ್ಮ ಬಾಳೆಹಣ್ಣು, ರವಿಕೆ ಕಣ ಹಿಡಿದು ಮೇಲೆ ಹೋದಳು. ಮೇಡಂ ಉಳಿದ ಡಬ್ಬಿಗಳನ್ನೆಲ್ಲ ಬಗ್ಗಿಸಿ ಆ ಮನೆಯ ಕೊನೆಯ ಎಂಚಿಲಾಡ ಮಾಡಿದ್ದರು. "ಊಟ ಮಾಡ್ಕೊಂಡು ಹೋಗಿ, ಅಕ್ಕಾ" ಎಂದು ತಟ್ಟೆ ಇಟ್ಟರು.

"ಶನಿವಾರ ಒಪ್ಪತ್ತು ಕಣಮ್ಮ."

"ಇವತ್ತು ಗುರುವಾರ."

ಅಮ್ಮ ತಬ್ಬಿಬ್ಬಾಗಿ ಕೆಳಗಿಳಿದಳು. ಮೇಡಂ ತಟ್ಟೆ ತೆಗೆಯಲಿಲ್ಲ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು. ಬೀಗದ ಕೈ ನನಗೆ ಕೊಟ್ಟು, "ನಿಮ್ಮಮ್ಮಂಗೆ ಕೊಡು. ಕಸ ಗುಡಿಸಕ್ಕಾದ್ರೂ ಬರ್ಲೇಬೇಕಲ್ಲ" ಎಂದು ಟೆಂಪೋ ಹತ್ತಿದರು.

ಸಂಜೆ ಪೊರಕೆ ಹಿಡಿದು ಹೋದ ಅಮ್ಮ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಬಾಗಿಲು ಮುಂದಕ್ಕೆ ಹಾಕಿತ್ತು. ಸಂದಿಯಿಂದ ಕಂಡಿತು: ಖಾಲಿ ಮನೆಯ ನಡುವೆ ಕೂತು ಅಮ್ಮ ಆ ತಣ್ಣಗಾದ ಎಂಚಿಲಾಡ ತಿನ್ನುತ್ತಿದ್ದಳು, ತಟ್ಟೆಯಿಂದ ತಲೆ ಎತ್ತದೆ. ನನಗೆ ಅಳು ಬಂತು. ಓಡಿ ಹೋಗಿ ಮೇಡಂಗೆ ಫೋನ್ ಮಾಡಿದೆ.

"ಅಮ್ಮ ತಿಂದ್ರು ಮೇಡಂ!"

ಅವರು ಕೇಳಿದರು: "ಬಾಗ್ಲು ತೆಗೆದಿತ್ತಾ, ಹಾಕಿತ್ತಾ?"

ಅವರಿಗೆ ಸುಳ್ಳು ಹೇಳಲಾಗಲಿಲ್ಲ. "ಹಾಕಿತ್ತು."

"ಹಂಗಾದ್ರೆ ಇನ್ನೂ ತಿಂದಿಲ್ಲ ಬಿಡು. ಹಗಲೊತ್ನಲ್ಲಿ, ನಾಕು ಜನದ ಮುಂದೆ, ಅರಸೀಕೆರೆಗೆ ನಮ್ಮನೆಗೆ ಬರಕ್ಕೆ ಹೇಳು. ಬಿಸಿಬಿಸಿ ಹಾಕ್ತೀನಿ."

ನಾನು ಅರಸೀಕೆರೆಗೆ ಹೋಗಿಬರುತ್ತಲೇ ಇದ್ದೇನೆ. ಅಮ್ಮ ಇನ್ನೂ ಬಂದಿಲ್ಲ. ಪ್ರತಿ ಸಲ ಹೊರಡುವಾಗ ಜಗಲಿಯಲ್ಲಿ ಎಲ್ಲರೂ ಕೂತಿರುವುದನ್ನು ನೋಡಿಕೊಂಡು, ಜೋರಾಗಿಯೇ ಕೇಳುತ್ತೇನೆ: "ಬರ್ತೀಯೇನಮ್ಮ, ಗೌತಮಿ ಮೇಡಂ ಮನೆಗೆ ಊಟಕ್ಕೆ?"