ಡಿ ಡ್ರೈವಿನಲ್ಲಿದ್ದ ದನಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ... ಕಥೆ ಕಟ್ಟುವ ಚಟ ನನಗಿಲ್ಲ.

ಫ್ಲಾಪಿಗಳ ಕಾಲ. ಖಡಕಿ ಬಜಾರಿನ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಬೆಳಗಾವಿ ಕಡೆಯವರು. ಖಂಡೇನವಮಿಯಂದು, ಅಂದರೆ ಆಯುಧಪೂಜೆಯ ದಿನ, ಸ್ಕ್ರೂಡ್ರೈವರ್, ಫ್ಲಾಪಿ, ಸಿಡಿ ರೈಟರ್ ಎಲ್ಲಕ್ಕೂ ಕುಂಕುಮ ಹಚ್ಚಿ ಪೂಜೆಗಿಟ್ಟರೆ ಮರುದಿನದವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ಅವತ್ತೇ ಸಂಜೆ ಸುಮಾಬಾಯಿ ಬಂದರು. ಅವರ ಗಂಡ ತೀರಿಹೋಗಿ ವರ್ಷವೂ ತುಂಬಿರಲಿಲ್ಲ. ಜೊತೆಗೆ ಮೈದುನ, ಅವನ ಕೈಯಲ್ಲಿ ಸತ್ತ ಅಣ್ಣನ ಕಂಪ್ಯೂಟರ್. ಅದನ್ನು ತನ್ನ ಮನೆಗೆ ಒಯ್ಯುವವನಿದ್ದ.

"ತಮ್ಮಾ, ಡಿ ಡ್ರೈವ್‌ನ್ಯಾಗ ನಮ್ಮವರ ದನಿ ಅದ. ಮೈಕ್ ತಂದ ದಿನ ರೆಕಾರ್ಡ್ ಮಾಡಿದ್ರು. ಅಷ್ಟ ಸಿಡಿಗೆ ಹಾಕಿ ಕೊಡಪಾ" ಎಂದು ಸುಮಾಬಾಯಿ ಪಿಸುಗುಟ್ಟಿದರು.

ನಾನು ಎದ್ದೆ. ಮಾಲೀಕರು ತಡೆದರು. "ಸಿಡಿ ರೈಟರ್ ಪೂಜಾದಾಗ ಅದ ರೀ, ಬಾಯಾರ. ಇವತ್ತ ಮುಟ್ಟಂಗಿಲ್ಲ."

"ಕಂಪ್ಯೂಟರ್ ನನಗ ಇವತ್ತ ಬೇಕು," ಮೈದುನ ಗದರಿದ. "ಎಲ್ಲಾ ಪಾರ್ಟಿಷನ್ ತಗದು ಒಂದ ಡ್ರೈವ್ ಮಾಡ್ರಿ. ವೈನಿ, ಸತ್ತವರ ದನಿ ಕಟ್ಕೊಂಡು ಏನ್ ಮಾಡ್ತೀರಿ?"

ಅವನು ತನ್ನ ಆಫೀಸಿನ ಕೆಲಸವನ್ನೆಲ್ಲ ನಮಗೇ ಕೊಡಿಸುವ ಗಿರಾಕಿ. ಮಾಲೀಕರ ಮಡಿ ಅಲ್ಲಿಗೇ ಮುಗಿಯಿತು. ಪೂಜೆಯಿಂದ ಡಿಸ್ಕ್ ಅಳಿಸುವ ಫ್ಲಾಪಿ ಎತ್ತಿ, ಕುಂಕುಮ ಒರೆಸಿ, ಕಂಪ್ಯೂಟರಿನೊಳಗೆ ತುರುಕಿದರು. ದನಿ ಉಳಿಸಲು ಅಡ್ಡ ಬಂದ ದೇವರು ಅಳಿಸುವಾಗ ಬರಲಿಲ್ಲ!

ಡಿ ಡ್ರೈವೂ ಸೇರಿ ಹಳೆಯ ಪಾರ್ಟಿಷನ್‌ಗಳು ಹೋಗಿ ಹೊಸದೊಂದಾಯಿತು. ಫಾರ್ಮ್ಯಾಟ್ ಶುರುವಾಯಿತು. ಡಿಸ್ಕ್ ಕರಕರ ಎನ್ನುತ್ತಿತ್ತು... ಪರದೆಯ ಮೇಲೆ ಏರುತ್ತಿದ್ದ ಅಂಕಿಯನ್ನು ಸುಮಾಬಾಯಿ ಕುರ್ಚಿಯಲ್ಲಿ ಕೂತು, ಸೆರಗು ಬಾಯಿಗೊತ್ತಿ ನೋಡುತ್ತಿದ್ದರು. ನೂರು ಮುಟ್ಟಿತು. ಸದ್ದು ನಿಂತಿತು.

ಆಗ... ಶುಂಠಿ ಚಹಾ ಕುದಿಯುವ ವಾಸನೆ. ನಮ್ಮ ಅಂಗಡಿಯಲ್ಲಿ ಒಲೆಯೇ ಇರಲಿಲ್ಲ.

"ಸುಮಾ... ಚಹಾ ಆತೇನ?"

ಗಂಡಸಿನ ದನಿ. ಸ್ಪೀಕರ್ ಜೋಡಿಸಿರಲಿಲ್ಲ. ಮೈದುನನ ಮುಖ ಬಿಳಿಚಿಕೊಂಡಿತು. ಮಾಲೀಕರು ಕೀಬೋರ್ಡಿನಿಂದ ಕೈ ಕಿತ್ತುಕೊಂಡರು.

ಹೆದರದವರು ಸುಮಾಬಾಯಿ ಒಬ್ಬರೇ. ದಿನಾ ಕೇಳುವ ಮಾತೇನೋ ಎಂಬಂತೆ ತಟ್ಟನೆ ಎದ್ದರು. "ಆತ್ರೀ... ತರ್ತೀನಿ" ಎಂದು ಎರಡು ಹೆಜ್ಜೆ ಇಟ್ಟವರು, ಗೋಡೆಯ ಮುಂದೆ ನಿಂತುಬಿಟ್ಟರು.

ಆಮೇಲೆ ಡಿಸ್ಕನ್ನೆಲ್ಲ ಜಾಲಾಡಿದೆ. ಖಾಲಿ. ಅದು ಹೇಗಾಯಿತೋ, ಯಾರಿಗೂ ಗೊತ್ತಿಲ್ಲ. ಈಗಲೂ ಡಿಸ್ಕ್ ಫಾರ್ಮ್ಯಾಟ್ ಮಾಡುವಾಗ ಕೊನೆಯ ಹೊತ್ತಿಗೆ ನಾನು ಕೋಣೆಯಿಂದ ಹೊರಗೆ ಹೋಗುತ್ತೇನೆ.

ಮರುವರ್ಷ ಖಂಡೇನವಮಿಯ ಸಂಜೆ ಸುಮಾಬಾಯಿ ಮತ್ತೆ ಬಂದರು, ಚಹಾ ತುಂಬಿದ ಥರ್ಮಾಸ್ ಹಿಡಿದುಕೊಂಡು. ಅದೇ ಕುರ್ಚಿಯಲ್ಲಿ ಕೂತರು. ಏನೂ ಕೇಳಿಸಲಿಲ್ಲ. ನಾನು ಬಾಗಿಲು ಎಳೆಯಲು ಹೋದಾಗ ತಲೆ ಎತ್ತಿದರು.

"ನಮ್ಮವರು ಮನ್ಯಾಗೂ ಕರೀವಲ್ರು, ಇಲ್ಲೂ ಕರೀವಲ್ರು... ಚಹಾ ಯಾರಿಗೆ ಕೊಡಲೋ, ತಮ್ಮಾ?"