ಒದಿಲ್ ಬರೆದ ನಲವತ್ತು ಕಾರ್ಡುಗಳು

ಮಾರ್ಚ್ ತಿಂಗಳ ಒಂದು ಸೋಮವಾರ ಒದಿಲ್ ಗಿನ್ಯಾರ್ ಕೆಲಸಕ್ಕೆ ಬಂದಾಗ ಅವಳ ಮೇಜಿನ ಮೇಲೆ ನಲವತ್ತು ಕಾರ್ಡುಗಳಿದ್ದವು. ದಪ್ಪನೆಯ ಕೆನೆಬಣ್ಣದ ಕಾಗದ. ಎಲ್ಲದರ ಮೇಲೂ ಒಂದೇ ಸಾಲು: ‘ಈ ಗಡಿಯಾರದ ಅಂಚುಗಳನ್ನು ಕೈಯಿಂದಲೇ ತೀಡಿದವರು.’ ಕೆಳಗೆ ಸಹಿಗೆ ಜಾಗ.

ಅವಳು ಕೆಲಸ ಮಾಡುವ ವಿನೆಯವರ ಕಾರ್ಖಾನೆಯಲ್ಲಿ ಪ್ರತಿ ಗಡಿಯಾರದ ಪೆಟ್ಟಿಗೆಯಲ್ಲೂ ಇಂಥ ಕಾರ್ಡು ಇಡುವುದು ಹಳೆಯ ಯಜಮಾನರ ಕಾಲದ ಪದ್ಧತಿ. ತೀಡಿದವಳೇ ಸಹಿ ಹಾಕಬೇಕು. ಹದಿನಾರಕ್ಕೆ ಶಾಲೆ ಬಿಟ್ಟು ಆ ಬೆಂಚಿಗೆ ಬಂದ ಒದಿಲ್‌ಗೆ ಈಗ ಅರವತ್ತೊಂದು. ಗಡಿಯಾರದ ಚಕ್ರಗಳನ್ನು ಹಿಡಿದಿಡುವ ಉಗುರಗಲದ ಲೋಹದ ತಗಡುಗಳಿರುತ್ತವಲ್ಲ, ಅವುಗಳ ಅಂಚನ್ನು ಕೂದಲೆಳೆಯಷ್ಟು ಓರೆಯಾಗಿ ಅರದಲ್ಲಿ ತೀಡಿ, ಕಲ್ಲಿನಲ್ಲಿ ಉಜ್ಜಿ, ಕೊನೆಗೆ ಜೆನ್ಷಿಯನ್ ಗಿಡದ ಒಣಕಡ್ಡಿಯಿಂದ ಹೊಳಪು ತರುವುದು ಅವಳ ಕೆಲಸ. ಒಂದು ತಗಡಿಗೆ ಒಂದೂವರೆ ದಿನ ಹಿಡಿಯುತ್ತದೆ. ಕಡ್ಡಿಯನ್ನು ಪ್ರತಿ ಅಕ್ಟೋಬರಿನಲ್ಲಿ ಮೇಲಿನ ಹುಲ್ಲುಗಾವಲಿನಿಂದ ಅವಳೇ ಕೊಯ್ದು ತಂದು ಅಟ್ಟದಲ್ಲಿ ಒಣಗಿಸುತ್ತಿದ್ದಳು. ಗಂಡ ರೊಲಾಂ ಬದುಕಿದ್ದಾಗ, “ನೀನು ಕಟ್ಟಿಕೊಂಡಿದ್ದು ನನ್ನನ್ನೋ ಈ ಕಡ್ಡೀನೋ?” ಎಂದು ಕೇಳುತ್ತಿದ್ದ. “ಕಡ್ಡಿ ಗೊರಕೆ ಹೊಡೆಯಲ್ಲ” ಎನ್ನುತ್ತಿದ್ದಳು ಅವಳು.

ಆ ನಲವತ್ತು ಕಾರ್ಡುಗಳು ಬಂದಿದ್ದು ಹೊಸ ಮಾದರಿಗೆ. ಅದರ ಅಂಚುಗಳನ್ನು ಕೊರೆದದ್ದು ಕೆಳಮಹಡಿಯ ಹೊಸ ಯಂತ್ರ. ಒದಿಲ್ ಒಂದೊಂದನ್ನು ಹತ್ತು ನಿಮಿಷ ಉಜ್ಜಿದ್ದಳು, ಅಷ್ಟೇ.

ಯಜಮಾನ ಆರ್ಮಾಂ ವಿನೆ ಬಂದು ನಿಂತ. ಅವನು ತೊಟ್ಟಿಲಲ್ಲಿದ್ದಾಗಲೇ ಇವಳು ಬೆಂಚಿನಲ್ಲಿ ಕೂತವಳು. ಹಾಗಾಗಿ ಅವಳ ಬಾಯಲ್ಲಿ ಅವನು ಇನ್ನೂ ‘ನೀನು’.

“ಸಹಿ ಆಯ್ತಾ, ಮದಾಂ ಗಿನ್ಯಾರ್? ಶುಕ್ರವಾರ ಮಾಲು ಹೋಗ್ಬೇಕು.”

“ಇದನ್ನ ನಾನು ತೀಡಿಲ್ಲ, ಆರ್ಮಾಂ.”

“ನಿಮ್ಮ ಕೈ ಮೇಲೇ ಹೋಗಿದೆಯಲ್ಲ.”

“ಅಂಚೆಯವನ ಕೈ ಮೇಲೂ ಹೋಗುತ್ತೆ. ಅವನ ಹತ್ರ ಹಾಕಿಸ್ಕೋ.”

ಪಕ್ಕದ ಬೆಂಚಿನ ಜೋಸೆಟ್ ನಗು ತಡೆಯಲಾರದೆ ಕೆಮ್ಮಿದಳು. ಆರ್ಮಾಂ ಕಿವಿ ಕೆಂಪಾಯಿತು. “ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ” ಎಂದ.

“ಗೊತ್ತಾಗುತ್ತೆ. ಯಂತ್ರದ ಕೊರೆಯೋ ಮೊಳೆ ದುಂಡಗಿರುತ್ತೆ. ದುಂಡಗಿರೋದು ಮೂಲೆಯೊಳಗೆ ಹೋಗೋದಿಲ್ಲ. ನಿನ್ನ ತಗಡಿನ ಒಳಮೂಲೆ ಎಲ್ಲ ಸಾಬೂನು ಸವೆದ ಹಾಗಿದೆ. ನನ್ನ ಒಳಮೂಲೇಲಿ ಎರಡು ಗೆರೆ ಬಂದು ಸೂಜಿಮೊನೆ ಹಾಗೆ ಸೇರ್ತವೆ.”

“ಬುಧವಾರ ನಮ್ಮ ಮಾಲು ಮಾರೋ ಅಂಗಡಿಯವರು ನಾಲ್ಕು ಜನ ಬರ್ತಾರೆ. ಎರಡೂ ಗಡಿಯಾರ ಅವರ ಮುಂದೆ ಇಡೋಣ. ಹೊಸದೇ ಹೆಚ್ಚು ಅಂದ್ರೆ ನೀವು ಸಹಿ ಹಾಕ್ಬೇಕು. ಹಾಕಲ್ಲಾಂದ್ರೆ ಗಡಿಯಾರದ ತೊಗಲು ಪಟ್ಟಿ ಹೊಲಿಯೋ ಕೋಣೇಲಿ ಒಂದು ಕುರ್ಚಿ ಖಾಲಿ ಇದೆ.”

ಸಹಿ ಹಾಕುತ್ತೇನೆಂದು ಒದಿಲ್ ಹೇಳಲಿಲ್ಲ. “ಇಡು, ನೋಡೋಣ” ಎಂದಳು.

ಬುಧವಾರ ನಾಲ್ವರೂ ಬಂದರು. ಕಾಫಿ ಆಯಿತು, ಚೀಸು ಬ್ರೆಡ್ಡು ಆಯಿತು. ಆರ್ಮಾಂ ಕಪ್ಪು ಬಟ್ಟೆಯ ಮೇಲೆ ಎರಡು ಗಡಿಯಾರ ಇಟ್ಟ. ಒಂದು ಒದಿಲ್ ತೀಡಿದ ಹಳೆಯ ಮಾದರಿ: ತೆಳು, ಅಂಗಿಯ ತೋಳಿನೊಳಗೆ ಸದ್ದಿಲ್ಲದೆ ಜಾರುವಂಥದು, ಬಿಳಿ ಡಯಲ್, ಎರಡೇ ಮುಳ್ಳು. ಇನ್ನೊಂದು ಹೊಸದು: ಅಗಲ, ದಪ್ಪ, ಕಪ್ಪು ಉಕ್ಕಿನ ಕವಚ, ಡಯಲ್ಲಿಗೆ ಅಲ್ಲಲ್ಲಿ ಕಿಟಕಿ ಕೊರೆದು ಒಳಗಿನ ಚಕ್ರಗಳೆಲ್ಲ ಕಾಣುವಂಥದು. ಅದನ್ನು ಕಟ್ಟಿಕೊಂಡ ಗಂಡಸು ಚೀಸಿನ ಪಾತ್ರೆಯ ಮುಚ್ಚಳ ಹೊತ್ತಂತೆ ಕಾಣುತ್ತಾನೆ ಎಂದು ಒದಿಲ್ ಮೊದಲೇ ಹೇಳಿದ್ದಳು. ಎರಡರ ಬೆಲೆಯೂ ಒಂದೇ, ಒಂದು ಒಳ್ಳೆಯ ಕಾರಿನಷ್ಟು.

ಬೆನ್ನಿನ ಗಾಜಿನಿಂದ ನೋಡಿ, ಯಾವುದರ ಕೆಲಸ ಹೆಚ್ಚಿನದು ಹೇಳಿ ಎಂದ ಆರ್ಮಾಂ. ನಾಲ್ವರೂ ಸರದಿಯಂತೆ ಬೆಳಕಿಗೆ ಹಿಡಿದು ನೋಡಿದರು. ಮೂವರು ಹೊಸದನ್ನೇ ತೋರಿಸಿದರು. “ಇದು ಹೆಚ್ಚು ಮಿನುಗುತ್ತೆ” ಎಂದನೊಬ್ಬ. ಜೂರಿಕ್‌ನಿಂದ ಬಂದಿದ್ದ ಮುದುಕ ಮಾತ್ರ ಭೂತಗನ್ನಡಿ ಕಣ್ಣಿಗೇರಿಸಿ, ಹಳೆಯದರ ಒಳಮೂಲೆಗಳನ್ನು ಒಂದೊಂದಾಗಿ ನೋಡಿ, ಮೆಲ್ಲಗೆ ಕೆಳಗಿಟ್ಟ.

ಅವರು ಹೋದ ಮೇಲೆ ಆರ್ಮಾಂ ಒದಿಲ್ ಕಡೆ ತಿರುಗಿದ. “ಕೇಳಿದ್ರಲ್ಲ?”

“ಕೇಳಿದೆ. ಮೂರು ಜನಕ್ಕೆ ಮೂಲೆ ನೋಡೋಕೆ ಬರಲ್ಲ.”

“ಕೊಳ್ಳೋರಿಗೂ ಬರಲ್ಲ, ಮದಾಂ. ಮತ್ತೆ ಯಾರಿಗೋಸ್ಕರ ಈ ಹಟ?”

“ಅವರಿಗೆ ಗೊತ್ತಾಗ್ಲಿಲ್ಲ ಅಂತ ಸುಳ್ಳು ಸಣ್ಣದಾಗುತ್ತಾ? ದುಂಡು ಮೂಲೆ ಮಾರೋಕೆ ನಾನು ಅಡ್ಡ ಬಂದಿಲ್ಲ. ಮಾರು. ಸಮಯ ಚೆನ್ನಾಗೇ ತೋರಿಸುತ್ತೆ. ನನ್ನ ಹೆಸರು ಬೇಡ ಅಂದೆ, ಅಷ್ಟೇ.”

“ಕಾರ್ಡಿಲ್ದಿದ್ರೆ ಅವರು ಮಾಲು ತಗೊಳ್ಳಲ್ಲ. ಒಪ್ಪಂದದಲ್ಲಿದೆ.”

“ಹಾಗಾದ್ರೆ ಕಾರ್ಡು ಕೊಡ್ತೀನಿ” ಎಂದಳು ಒದಿಲ್.

ಗುರುವಾರ ಅವಳು ಅರ, ಕಲ್ಲು ಎಲ್ಲವನ್ನೂ ಸರಿಸಿ ಪೆನ್ನು ಹಿಡಿದು ಕೂತಳು. ಶಾಲೆ ಬಿಟ್ಟ ಮೇಲೆ ಅಷ್ಟೊಂದು ಬರೆದವಳಲ್ಲ. ಅಕ್ಷರಗಳು ದಪ್ಪ, ಒಂದಕ್ಕೊಂದು ತಾಗದೆ ನಿಂತವು. ಅಚ್ಚಾದ ಸಾಲನ್ನು ಗೀಟು ಎಳೆದು ಹೊಡೆದು, ಕೆಳಗೆ ಬರೆದಳು: ‘ಅಂಚು ಕೊರೆದದ್ದು ಯಂತ್ರ. ನಾನು ಹತ್ತು ನಿಮಿಷ ಉಜ್ಜಿದೆ. ಒದಿಲ್ ಗಿನ್ಯಾರ್.’ ಒಂದೊಂದಾಗಿ ನಲವತ್ತರ ಮೇಲೂ ಬರೆದಳು. ಊಟದ ಹೊತ್ತಿಗೆ ಬೆರಳು ಸೆಟೆದುಕೊಂಡಿತು. ಜೋಸೆಟ್ ಸೂಪು ತಂದುಕೊಟ್ಟು ಮೆಲ್ಲಗೆ ಹೇಳಿದಳು: “ನಿನ್ನ ಬದಲು ನನಗೇ ಸಹಿ ಹಾಕೋಕಾಗುತ್ತಾ ಅಂತ ಆರ್ಮಾಂ ಕೇಳಿದ ಕಣೇ.”

“ಏನಂದೆ?”

“ಒದಿಲ್ ಹಾಕ್ದಿರೋ ಸಹಿ ನಾನು ಹಾಕಿದ್ರೆ ಬೇಕರೀಲಿ ನಂಗೆ ಯಾರೂ ಬ್ರೆಡ್ಡು ಕೊಡಲ್ಲ ಅಂದೆ.”

ಶುಕ್ರವಾರ ಹೊರಗೆ ವ್ಯಾನು ಬಂದು ನಿಂತಿತ್ತು. ಆರ್ಮಾಂ ಕಾರ್ಡುಗಳನ್ನು ತೆಗೆದುಕೊಂಡು ಒಂದನ್ನು ಓದಿದ. ಇನ್ನೊಂದನ್ನು ಓದಿದ. ಕುರ್ಚಿ ಎಳೆದುಕೊಂಡು ಕೂತ.

“ಹತ್ತು ನಿಮಿಷ ಅಂತ ಬರೀಲೇಬೇಕಿತ್ತಾ?”

“ಎರಡಕ್ಕೆ ಹನ್ನೆರಡು ಹಿಡೀತು. ಅದರಲ್ಲಿ ಹನ್ನೆರಡು ಅಂತಲೇ ಬರೆದಿದೀನಿ.”

ಹರಿದು ಹಾಕುತ್ತಾನೆ ಎಂದುಕೊಂಡಳು ಜೋಸೆಟ್. ಹರಿದರೆ ಹೊಸ ನಲವತ್ತು ಅಚ್ಚಾಗಿ ಬರಲು ಇನ್ನೊಂದು ವಾರ ಬೇಕು, ಬಂದರೂ ಬರೆಯುವವಳು ಇವಳೇ. ಚಾಲಕ ಎರಡು ಸಲ ಹಾರನ್ ಒತ್ತಿದ. ಆರ್ಮಾಂ ಎದ್ದು, ಒಂದೊಂದು ಪೆಟ್ಟಿಗೆಗೂ ಒಂದೊಂದು ಕಾರ್ಡು ತನ್ನ ಕೈಯಾರೆ ಇಟ್ಟ. ಅಷ್ಟೂ ಹೊತ್ತು ಒದಿಲ್ ಮುಖ ನೋಡಲಿಲ್ಲ.

“ಒಂದೇ ಒಂದು ವಾಪಸ್ ಬಂದ್ರೂ ನೀವು ಪಟ್ಟಿ ಕೋಣೆಗೆ” ಎಂದ.

“ಬರಲಿ. ಬಂದದ್ದನ್ನ ಮೊದಲು ನನ್ನ ಮೇಜಿಗೆ ಕಳಿಸು. ಆ ಮೂಲೆಗಳನ್ನ ತೀಡಿ, ಆಮೇಲೆ ನಿನ್ನ ಅಚ್ಚಿನ ಕಾರ್ಡಿಗೇ ಸಹಿ ಹಾಕ್ತೀನಿ.”

ಮೂವತ್ತೇಳು ಗಡಿಯಾರ ಹೋದಲ್ಲೇ ಉಳಿದವು. ಕೊಂಡವರು ಕಾರ್ಡು ಓದಿದರೋ, ಓದಿಯೂ ಪರವಾಗಿಲ್ಲ ಎಂದರೋ, ಯಾರಿಗೂ ತಿಳಿಯದು. ಮೂರು ಮಾತ್ರ ಏಪ್ರಿಲ್ ಕೊನೆಗೆ ಜೂರಿಕ್‌ನಿಂದ ತಿರುಗಿ ಬಂದವು. ಜೊತೆಗಿದ್ದ ಚೀಟಿಯಲ್ಲಿ ಆ ಮುದುಕ ಬರೆದಿದ್ದ: ಕೊಂಡವರು ಹೆಚ್ಚಿಗೆ ಎಷ್ಟಾದರೂ ಕೊಡುತ್ತಾರಂತೆ, ಮೂಲೆಗಳನ್ನು ಈ ಹೆಂಗಸಿನ ಕೈಯಲ್ಲೇ ಮಾಡಿಸಿ ಕೊಡಿ.

ಆರ್ಮಾಂ ಮೂರನ್ನೂ ತಂದು ಒದಿಲ್ ಮೇಜಿನ ಮೇಲಿಟ್ಟ. ಪಟ್ಟಿ ಕೋಣೆಯ ಮಾತು ಎತ್ತಲಿಲ್ಲ.

“ಎಷ್ಟು ದಿನ ಬೇಕು?”

“ಐದು.”

“ಮೂರರಲ್ಲಿ ಆಗಲ್ವಾ?”

“ಆಗುತ್ತೆ” ಎಂದಳು ಒದಿಲ್, ಭೂತಗನ್ನಡಿ ಕಣ್ಣಿಗೇರಿಸುತ್ತ. “ಆದ್ರೆ ಸಹಿ ಹಾಕಲ್ಲ.”